ಗೋವೆಯ ದಾರಿಗೆ ಎರಡು ತುದಿ

‘ಹೊರಗೆ ನೋಡು ಹಂಪಿ, ಒಳಗೆ ನೋಡು ಉಜ್ಜಿನಿ’ ಎಂಬ ಮಾತು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಸೀಮೆಯ ಹಿರಿಯರ ಬಾಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಪಂಚಪೀಠಗಳಲ್ಲಿ ಒಂದಾದ ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯವನ್ನು ಹೊರಗಿನಿಂದಷ್ಟೇ ಕಂಡವನು ಅದರ ಬೆಲೆಯನ್ನು ಅರಿಯಲಾರ. ಒಳಹೊಕ್ಕು, ತಲೆಯೆತ್ತಿ, ಛಾವಣಿಯ ಕೆತ್ತನೆಯನ್ನು ನಿಧಾನವಾಗಿ ನೋಡಿದವನಿಗೆ ಮಾತ್ರ ಅದು ತಿಳಿಯುತ್ತದೆ. ಹಂಪಿಯಾದರೋ ಬಂಡೆ, ಬಯಲು, ಹೊಳೆಗಳ ನಡುವೆ ತನ್ನನ್ನು ತಾನೇ ತೆರೆದಿಟ್ಟುಕೊಂಡು ನಿಂತಿದೆ. ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ನಮಗೆ ಈ ನಾಣ್ಣುಡಿ ನೆನಪಾಗುತ್ತದೆ. ಪ್ರವಾಸಿಗನೂ, ಅವನಿಂದ ಆದಾಯವನ್ನು ನಿರೀಕ್ಷಿಸುವ ಸರಕಾರವೂ ಬಹುಮಟ್ಟಿಗೆ ಹೊರಗಿನದನ್ನು ನೋಡುವವರೇ ಆಗಿದ್ದಾರೆ.

2025ರ ಏಪ್ರಿಲ್ ತಿಂಗಳಲ್ಲಿ ನಮ್ಮ ರಾಷ್ಟ್ರಪತಿಗಳು ಪೋರ್ಚುಗಲ್ ದೇಶಕ್ಕೆ ಭೇಟಿಯಿತ್ತರು. ಗೋವೆಯ ಪ್ರಶ್ನೆಯಿಂದಾಗಿ 1955ರಲ್ಲಿ ಕಡಿದುಹೋಗಿದ್ದ ರಾಜತಾಂತ್ರಿಕ ಸಂಬಂಧ 1974ರ ಕೊನೆಯಲ್ಲಿ ಮತ್ತೆ ಕೂಡಿಬಂದು ಐವತ್ತು ವರ್ಷ ತುಂಬಿದ ಸಂದರ್ಭವದು. ಇಂತಹ ಸಂದರ್ಭಗಳಲ್ಲಿ ಐದು ಶತಮಾನಗಳ ಬಾಂಧವ್ಯ, ವ್ಯಾಪಾರ, ಸಂಸ್ಕೃತಿ, ಪ್ರವಾಸೋದ್ಯಮ ಎಂಬ ಪದಗಳು ಒಂದರ ಬೆನ್ನಿಗೊಂದು ಬರುವುದು ವಾಡಿಕೆ. ಆ ಐದು ಶತಮಾನಗಳ ಆರಂಭದ ಪುಟಗಳು ದೆಹಲಿಯಲ್ಲಾಗಲಿ ಮುಂಬಯಿಯಲ್ಲಾಗಲಿ ನಡೆದವುಗಳಲ್ಲ. ಅವುಗಳಲ್ಲಿ ಕೆಲವು ನಮ್ಮ ಹೊಸಪೇಟೆಯ ಬದಿಯಲ್ಲಿ, ತುಂಗಭದ್ರೆಯ ದಡದಲ್ಲಿ ನಡೆದವು. ಆದುದರಿಂದ ಈ ಸಂಬಂಧದ ಒಳಗನ್ನು ನೋಡುವ ಹಕ್ಕು ನಮಗೆ ಉಳಿದವರಿಗಿಂತ ತುಸು ಹೆಚ್ಚೇ ಇದೆ ಎಂದು ಭಾವಿಸಿ ಈ ವಾರ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

1510ರಲ್ಲಿ ಪೋರ್ಚುಗೀಸರ ಅಧಿಪತಿಯಾಗಿದ್ದ ಅಫೊನ್ಸೊ ದೆ ಅಲ್ಬುಕರ್ಕ್ ವಿಜಯನಗರದ ಅರಸನಲ್ಲಿಗೆ ಒಬ್ಬ ದೂತನನ್ನು ಕಳುಹಿಸಿದನು. ಆ ದೂತ ದಂಡನಾಯಕನೂ ಅಲ್ಲ, ವರ್ತಕನೂ ಅಲ್ಲ. ಸಂತ ಫ್ರಾನ್ಸಿಸರ ಸಭೆಯ ಲೂಯಿಸ್ ಎಂಬ ಸನ್ಯಾಸಿ. ಆತ ಕೊಚ್ಚಿಯಿಂದ ಹೊರಟು ಭಟ್ಕಳದ ಮಾರ್ಗವಾಗಿ ರಾಜಧಾನಿಯನ್ನು ಸೇರಿದನು. ಅಲ್ಲಿಯೇ ಕೊಲೆಯಾದನೆಂದು ಪೋರ್ಚುಗೀಸ್ ಚರಿತ್ರಕಾರರು ಬರೆದಿದ್ದಾರೆ. ನಮ್ಮ ಸೀಮೆಯ ಮಣ್ಣನ್ನು ತುಳಿದ ಕಥೋಲಿಕ ಗುರುಗಳಲ್ಲಿ ತೀರ ಹಿಂದಿನವರೊಬ್ಬರು ಹೀಗೆ ರಾಜಕಾರ್ಯದ ಪತ್ರವನ್ನು ಕೈಯಲ್ಲಿ ಹಿಡಿದು ಬಂದು ಮಡಿದರೆಂಬುದು ನಮ್ಮ ಎಷ್ಟು ಕುಟುಂಬಗಳಿಗೆ ಗೊತ್ತು? ಹಂಪಿಯ ಯಾವ ಫಲಕದಲ್ಲೂ ನಾವು ಆ ಹೆಸರನ್ನು ಕಂಡಿಲ್ಲ. ಆತನನ್ನು ಹುತಾತ್ಮನೆಂದು ಕರೆಯುವ ಆತುರವೂ ನಮಗಿಲ್ಲ, ಏಕೆಂದರೆ ಆತ ಸಾಗಿಸಿದ್ದು ಶುಭಸಂದೇಶವನ್ನಲ್ಲ, ಸೈನಿಕ ಮೈತ್ರಿಯ ಪ್ರಸ್ತಾಪವನ್ನು.

ಆ ಮೈತ್ರಿಯ ತಿರುಳು ಕುದುರೆ. ವಿಜಯನಗರದ ಸೇನೆಗೆ ಅರಬ್ಬೀ ಕುದುರೆಗಳು ಬೇಕಾಗಿದ್ದವು. ಸಮುದ್ರದ ದಾರಿಯು ಪೋರ್ಚುಗೀಸರ ಹಿಡಿತದಲ್ಲಿತ್ತು. ಹೊರ್ಮುಜಿನಿಂದ ಹಡಗೇರಿದ ಕುದುರೆಗಳು ಗೋವೆಯಲ್ಲಿಯೋ ಭಟ್ಕಳದಲ್ಲಿಯೋ ಇಳಿದು ಘಟ್ಟವನ್ನು ಹತ್ತಿ ಈ ಕಡೆಗೆ ಬರುತ್ತಿದ್ದವು. ಸುಮಾರು 1535ರ ಹೊತ್ತಿಗೆ ಇಲ್ಲಿದ್ದ ಫೆರ್ನಾವ್ ನೂನಿಜ್ ಎಂಬಾತ ಸ್ವತಃ ಕುದುರೆ ವ್ಯಾಪಾರಿ. ಸಾಳುವ ನರಸಿಂಹನ ಕಾಲದಲ್ಲಿ ಕುದುರೆ ಕಡಲಿನಲ್ಲಿ ಸತ್ತರೂ ಅದರ ಬಾಲವನ್ನು ತಂದು ತೋರಿಸಿದ ವರ್ತಕನಿಗೆ ಪೂರ್ತಿ ಬೆಲೆ ಸಲ್ಲುತ್ತಿತ್ತೆಂದು ಆತ ಬರೆದಿಟ್ಟಿದ್ದಾನೆ. ಅಗತ್ಯ ಎಷ್ಟು ತೀವ್ರವಾಗಿತ್ತೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು. ವಿಠ್ಠಲ ದೇವಾಲಯದ ಅಧಿಷ್ಠಾನದ ಮೇಲೆ ಕುದುರೆಗಳನ್ನು ಹಿಡಿದು ನಿಂತ ಪರದೇಶೀಯರನ್ನು ಮಾರ್ಗದರ್ಶಕರು ಪೋರ್ಚುಗೀಸರೆಂದು ತೋರಿಸುತ್ತಾರೆ. ಪ್ರವಾಸಿಗಳು ಚಿತ್ರ ತೆಗೆದುಕೊಂಡು ಕಲ್ಲಿನ ರಥದ ಕಡೆಗೆ ನಡೆಯುತ್ತಾರೆ.

ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಸ್ನೇಹವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಒಂದು ಪ್ರಯೋಜನಕ್ಕಾಗಿ ಹುಟ್ಟಿದ್ದು, ಒಂದು ಸುಖಕ್ಕಾಗಿ ಹುಟ್ಟಿದ್ದು, ಇನ್ನೊಂದು ಎದುರಿನವನ ಒಳಿತನ್ನು ಅವನಿಗಾಗಿಯೇ ಬಯಸುವಂತಹದು. ಮೊದಲಿನ ಎರಡು ಸ್ನೇಹಗಳು ಕೆಟ್ಟವೇನಲ್ಲ. ಆದರೆ ಪ್ರಯೋಜನ ಮುಗಿದಾಗ, ಸುಖ ತೀರಿದಾಗ ಅವೂ ತೀರಿಹೋಗುತ್ತವೆ. ಸಂತ ತೋಮಾಸ ಅಕ್ವಿನಾಸರು ಈ ಗ್ರಂಥಕ್ಕೆ ವ್ಯಾಖ್ಯಾನವನ್ನು ಬರೆದವರು. ಗುರುಮಠದ ತರಗತಿಗಳಲ್ಲಿ ಈ ವಿಂಗಡಣೆಯನ್ನು ಓದುವಾಗ ವ್ಯಕ್ತಿ ವ್ಯಕ್ತಿಗಳ ನಡುವಿನ ಸ್ನೇಹವೇ ಮನಸ್ಸಿನಲ್ಲಿರುತ್ತದೆ. ದೇಶ ದೇಶಗಳ ನಡುವಿನ ಸ್ನೇಹಕ್ಕೂ ಅದನ್ನು ಹಚ್ಚಿ ನೋಡಬಹುದೆಂದು ನಮಗೆ ತೋರುತ್ತದೆ. ವಿಜಯನಗರ ಮತ್ತು ಪೋರ್ಚುಗಲ್ಲುಗಳದ್ದು ಮೊದಲನೆಯ ಬಗೆಯದು, ಕುದುರೆಯ ಬಾಲದಷ್ಟು ಸ್ಪಷ್ಟವಾಗಿ.

ಆದರೂ ಪ್ರಯೋಜನದ ಸ್ನೇಹದೊಳಗೆ ಆಗಾಗ ಬೇರೊಂದು ಸಂಗತಿ ಇಣುಕುತ್ತದೆ. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಮುತ್ತಿದಾಗ ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಬಂದೂಕುಧಾರಿಗಳೊಡನೆ ನೆರವಾದನು. ಮುಂದೆ ಅವನು ಅರಸನನ್ನು ಕಾಣಲು ಬಂದಾಗ ತಂದ ಕಾಣಿಕೆಗಳಲ್ಲಿ ಆರ್ಗನ್ ವಾದ್ಯವೂ ಇತ್ತು. ಅರಸನು ಅದನ್ನು ಬಹುವಾಗಿ ಮೆಚ್ಚಿದನು. ಇಗರ್ಜಿಗಳಲ್ಲಿ ಆರ್ಗನ್ ಕೇಳುತ್ತ ಬೆಳೆದ ನಮ್ಮ ಕುಟುಂಬಗಳಿಗೆ, ಆ ನಾದ ಕೃಷ್ಣದೇವರಾಯನ ಆಸ್ಥಾನವನ್ನೂ ಮುಟ್ಟಿತ್ತೆಂಬ ಸಂಗತಿ ಸಂತೋಷ ಕೊಡದಿರದು. ಈ ಫಿಗೆರೆದೊನ ಜೊತೆಗೆ ಬಂದವನೇ ದೊಮಿಂಗೊ ಪಾಯಿಸ್. ಮಹಾನವಮಿಯ ಒಂಬತ್ತು ದಿನಗಳ ಉತ್ಸವ, ಪೇಟೆಯ ಕಾಳುಕಡಿ, ಗುಲಾಬಿ ಹೂವಿನ ಮೇಲೆ ಜನರಿಗಿದ್ದ ಪ್ರೀತಿ, ಅರಸನ ಮುಖದ ಮೇಲಿನ ಸಿಡುಬಿನ ಕಲೆ, ಯಾವುದನ್ನೂ ಅವನ ಕಣ್ಣು ಬಿಡಲಿಲ್ಲ. ನಗರವನ್ನು ಬೆಟ್ಟದ ಮೇಲಿನಿಂದ ನೋಡಿದ ಅವನಿಗೆ ಅದು ರೋಮ್ ನಗರದಷ್ಟು ದೊಡ್ಡದಾಗಿ ಕಂಡಿತು. ಕುದುರೆ ಮಾರಲು ಬಂದ ತಂಡದಲ್ಲಿದ್ದವನು ಕುದುರೆಯನ್ನು ಮರೆತು ಊರನ್ನು ನೋಡತೊಡಗಿದನೆನ್ನಬಹುದು.

ಹೊಸಪೇಟೆಯ ದಕ್ಷಿಣಕ್ಕೆ ಎರಡು ಗುಡ್ಡಗಳ ನಡುವೆ ಅರಸನು ಕಟ್ಟಿಸಿದ ದೊಡ್ಡ ಕೆರೆಯ ಕೆಲಸವನ್ನೂ ಪಾಯಿಸ್ ಕಣ್ಣಾರೆ ಕಂಡನು. ನಾವು ರಾಯರ ಕೆರೆಯೆಂದು ಕರೆಯುವುದು ಇದನ್ನೇ ಎಂಬುದು ಇತಿಹಾಸಕಾರರ ಅಭಿಮತ. ಕಲ್ಲುಗೆಲಸದಲ್ಲಿ ನಿಪುಣನಾದ ಜೊವಾವ್ ದೆ ಲಾ ಪೊಂತೆ ಎಂಬ ಪೋರ್ಚುಗೀಸನ ಸಹಾಯವನ್ನು ಈ ಕೆರೆಗೆ ಪಡೆಯಲಾಯಿತೆಂದು ನೂನಿಜ್ ಹೇಳುತ್ತಾನೆ. ಹದಿನೈದಿಪ್ಪತ್ತು ಸಾವಿರ ಮಂದಿ ಇರುವೆಗಳ ಹಾಗೆ ನೆಲ ಕಾಣದಂತೆ ಮುತ್ತಿಕೊಂಡು ದುಡಿಯುತ್ತಿದ್ದರೆಂದು ಪಾಯಿಸ್ ಬರೆಯುತ್ತಾನೆ; ಏರಿ ಒಡೆದಾಗ ನರಬಲಿ ನಡೆಯಿತೆಂಬುದನ್ನೂ ಮುಚ್ಚಿಡುವುದಿಲ್ಲ. ಪರದೇಶದ ಕಲ್ಲುಗೆಲಸದವನ ಹೆಸರು ನಮಗೆ ದೊರೆತಿದೆ. ಆ ಇಪ್ಪತ್ತು ಸಾವಿರದಲ್ಲಿ ಒಬ್ಬನ ಹೆಸರೂ ದೊರೆತಿಲ್ಲ. ಅವರಲ್ಲಿ ನಮ್ಮ ಕೂಡ್ಲಿಗಿ, ಹಡಗಲಿ ಕಡೆಯವರು ಇದ್ದಿರಲಾರರೆ?

ಕಥೋಲಿಕರಾದ ನಾವು ಈ ಸಂಬಂಧದ ಇನ್ನೊಂದು ಮುಖವನ್ನೂ ನೇರವಾಗಿ ನೋಡಬೇಕು. 1541ರ ಏಪ್ರಿಲ್‌ನಲ್ಲಿ ಲಿಸ್ಬನ್ನಿನಿಂದ ಹೊರಟ ಹಡಗಿನಲ್ಲಿ ಸಂತ ಫ್ರಾನ್ಸಿಸ್ ಝೇವಿಯರರಿದ್ದರು. ಅದೇ ಹಡಗಿನಲ್ಲಿ ಹೊಸ ರಾಜ್ಯಪಾಲ ಮಾರ್ತಿಮ್ ಅಫೊನ್ಸೊ ದೆ ಸೋಜನೂ ಇದ್ದನು. 1542ರ ಮೇ ತಿಂಗಳಲ್ಲಿ ಗೋವೆಯಲ್ಲಿ ಇಳಿದ ಸಂತರು ಆಸ್ಪತ್ರೆಯ ರೋಗಿಗಳ, ಸೆರೆಮನೆಯ ಕೈದಿಗಳ ನಡುವೆ ಸೇವೆಗೆ ತೊಡಗಿದರು. ಅದೇ ವರ್ಷ ರಾಜ್ಯಪಾಲನು ವಿಜಯನಗರದ ಬಂದರಾಗಿದ್ದ ಭಟ್ಕಳವನ್ನು ಕೊಳ್ಳೆಹೊಡೆದು ಸುಟ್ಟನು. ಒಂದೇ ಹಡಗು, ಒಂದೇ ಬಾವುಟ, ಪ್ರಾರ್ಥನೆಯೂ ಒಂದೇ. ಪೋರ್ಚುಗೀಸರು ನಮಗೆ ಧರ್ಮವನ್ನು ತಂದರೆಂದು ಬೀಗುವವರೂ, ಪೋರ್ಚುಗೀಸರೊಡನೆ ಬಂದುದೆಲ್ಲ ಕೇಡೆಂದು ಜರೆಯುವವರೂ ಈ ಹಡಗನ್ನು ಅರ್ಧಕ್ಕೆ ಸೀಳಿ ತಮಗೆ ಬೇಕಾದ ಪಾಲನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಗೋವೆಯಲ್ಲಿ 1560ರಲ್ಲಿ ನೆಲೆಗೊಂಡ ಧರ್ಮವಿಚಾರಣೆಯ ನ್ಯಾಯಾಸನದ ಭಯಕ್ಕೆ ಊರುಬಿಟ್ಟು ಕನ್ನಡ ಕರಾವಳಿಗೆ ಬಂದವರಲ್ಲಿ ಕಥೋಲಿಕರೂ ಇದ್ದರೆಂಬುದನ್ನು ಕರಾವಳಿ ಮೂಲದ ನಮ್ಮ ಓದುಗರು ಬಲ್ಲರು.

1547ರಲ್ಲಿ ಗೋವೆಯ ಅಧಿಪತಿಗೂ ಸದಾಶಿವರಾಯನಿಗೂ ಒಪ್ಪಂದವಾಯಿತು. ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೇ ಸಲ್ಲಬೇಕೆಂಬುದು ಅದರ ಮುಖ್ಯ ಕರಾರು. 1565ರ ಯುದ್ಧದಲ್ಲಿ ವಿಜಯನಗರ ಸೋತಿತು. ಎರಡು ವರ್ಷಗಳ ನಂತರ ಬಂದ ವೆನಿಸ್ಸಿನ ವರ್ತಕ ಚೇಸರೆ ಫೆದೆರಿಚಿ ಏಳು ತಿಂಗಳು ಇಲ್ಲಿ ಉಳಿದನು. ಮನೆಗಳು ನಿಂತಿವೆ, ಒಳಗೆ ಜನವಿಲ್ಲವೆಂಬುದನ್ನು ಕಂಡನು. ಕೊಳ್ಳುವವನಿಲ್ಲದೆ ಗೋವೆಯ ವ್ಯಾಪಾರವೂ ಕುಗ್ಗಿತು. ಅರಿಸ್ಟಾಟಲನು ಹೇಳಿದಂತೆಯೇ ಆಯಿತು. ಪಾಯಿಸ್ ಮತ್ತು ನೂನಿಜರ ಬರಹಗಳು ಮಾತ್ರ ಯೂರೋಪಿನಲ್ಲಿ ಮೂರು ಶತಮಾನಗಳಿಗೂ ಮೀರಿ ಹಸ್ತಪ್ರತಿಗಳಾಗಿಯೇ ಉಳಿದು 1897ರಲ್ಲಿ ಅಚ್ಚಾದವು. ಅವುಗಳನ್ನು ಇಂಗ್ಲಿಷಿಗೆ ತಿರುಗಿಸಿ ರಾಬರ್ಟ್ ಸಿವೆಲ್ 1900ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ ಮೇಲೆಯೇ ಜಗತ್ತಿಗೆ ಈ ನಗರದ ನೆನಪು ಮರಳಿತು. ಇಂದು ಹಂಪಿಗೆ ಬರುವ ಪ್ರತಿಯೊಬ್ಬ ವಿದೇಶೀ ಪ್ರವಾಸಿಗನ ಕೈಪಿಡಿಯ ಹಿಂದೆಯೂ ಈ ಇಬ್ಬರು ಪೋರ್ಚುಗೀಸರ ನೆರಳಿದೆ.

ಈಗ ಎರಡನೆಯ ಬಗೆಯ ಸ್ನೇಹಕ್ಕೆ ಬರೋಣ. ಪ್ರವಾಸೋದ್ಯಮವೆಂದರೆ ಸುಖಕ್ಕಾಗಿ ಕಟ್ಟಿಕೊಂಡ ಸ್ನೇಹ. ಹಂಪಿ 1986ರಲ್ಲಿ ಯುನೆಸ್ಕೊ ಪಟ್ಟಿಯನ್ನು ಸೇರಿತು. 1999ರಲ್ಲಿ ಅದು ಅಪಾಯದಲ್ಲಿರುವ ತಾಣವೆಂದು ಗುರುತಿಸಲ್ಪಟ್ಟು 2006ರಲ್ಲಿ ಆ ಕಳಂಕದಿಂದ ಬಿಡುಗಡೆ ಹೊಂದಿತು. 2017ರಿಂದ ಕಲ್ಲಿನ ರಥವು ಐವತ್ತು ರೂಪಾಯಿಯ ನೋಟಿನ ಮೇಲೆ ಕುಳಿತು ಎಲ್ಲರ ಜೇಬಿನಲ್ಲಿ ಓಡಾಡುತ್ತಿದೆ. 2023ರ ಜುಲೈನಲ್ಲಿ ಜಿ-20 ರಾಷ್ಟ್ರಗಳ ಪ್ರತಿನಿಧಿಗಳು ಹಂಪಿಯಲ್ಲಿ ಸಭೆ ಸೇರಿದಾಗ ಸಂಡೂರು ಕಡೆಯ ನಾಲ್ಕು ನೂರಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕಸೂತಿಯನ್ನು ಪ್ರದರ್ಶಿಸಲಾಯಿತು. ಇದೆಲ್ಲ ಹೆಮ್ಮೆಯ ಸಂಗತಿಯೇ.

ಆದರೆ ಇದೇ ಹಂಪಿಯಲ್ಲಿ, 2011ರ ಜುಲೈನಲ್ಲಿ, ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಹೂಡಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ವಸತಿಗೃಹಗಳು ನೆಲಸಮವಾದವು. ಸ್ಮಾರಕಗಳ ರಕ್ಷಣೆ ಅಗತ್ಯ. ಮಂಟಪದ ಕಂಬಕ್ಕೆ ಸಿಮೆಂಟು ಬಳಿಯುವುದನ್ನು ಯಾರೂ ಸಮರ್ಥಿಸಲಾರರು. ಆದರೂ ಪಾಯಿಸ್ ಮೆಚ್ಚಿದ್ದು ಜನರಿಂದ ತುಂಬಿದ ಪೇಟೆಯನ್ನು. ಜನರನ್ನು ಹೊರಹಾಕಿ ಪೇಟೆಯನ್ನು ಉಳಿಸಿಕೊಂಡರೆ ನಾವು ಪ್ರವಾಸಿಗನಿಗೆ ತೋರಿಸುವುದು ಫೆದೆರಿಚಿ ಕಂಡ ಬರಿದಾದ ಮನೆಗಳನ್ನೇ ಎಂದು ಹೇಳದೆ ವಿಧಿಯಿಲ್ಲ.

2025ರ ಮಾರ್ಚ್ ತಿಂಗಳ ಒಂದು ರಾತ್ರಿ ಸಾಣಾಪುರದ ಬಳಿ ನಡೆದ ಕೃತ್ಯವನ್ನು ಓದುಗರು ಮರೆತಿರಲಾರರು. ಇಸ್ರೇಲಿನಿಂದ ಬಂದ ಮಹಿಳೆಯ ಮೇಲೂ, ಅತಿಥಿಗೃಹವನ್ನು ನಡೆಸುತ್ತಿದ್ದ ಮಹಿಳೆಯ ಮೇಲೂ ಅತ್ಯಾಚಾರ ನಡೆಯಿತು. ಜೊತೆಗಿದ್ದ ಒಡಿಶಾದ ಯುವಕನು ಕಾಲುವೆಗೆ ತಳ್ಳಲ್ಪಟ್ಟು ಪ್ರಾಣ ಕಳೆದುಕೊಂಡನು. ಆಗ ಕೇಳಿಬಂದ ಮಾತುಗಳಲ್ಲಿ ನಮ್ಮನ್ನು ನೋಯಿಸಿದ್ದು ಒಂದು: ‘ಇದರಿಂದ ಪ್ರವಾಸೋದ್ಯಮಕ್ಕೆ ಪೆಟ್ಟು ಬೀಳುತ್ತದೆ.’ ಪೆಟ್ಟು ಬಿದ್ದುದು ಮನುಷ್ಯರಿಗೆ. ಅತಿಥಿಯನ್ನು ಆದಾಯವೆಂದು ಎಣಿಸಲು ಕಲಿತ ನಾಲಗೆಗೆ ಸಾವಿನ ಮುಂದೆಯೂ ಲೆಕ್ಕದ ಮಾತೇ ಬರುತ್ತದೆ. ಹಾಗೆಂದವರಲ್ಲಿ ನಮ್ಮವರೂ ಇದ್ದರು.

ಇಲ್ಲಿಯವರೆಗೆ ಗೋವೆಯಿಂದ ನಮ್ಮ ಕಡೆಗೆ ಬಂದವರನ್ನು ಕುರಿತು ಬರೆದೆವು. ಅದೇ ದಾರಿಯಲ್ಲಿ ಈ ತುದಿಯಿಂದ ಹೊರಟವರು ಯಾರು? ಗೋವೆಯ ಕಡಲತೀರವನ್ನು ಮುಗಿಸಿ, ರಾತ್ರಿಯ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಹೊಸಪೇಟೆಗೆ ಬಂದಿಳಿಯುವ ಬೆನ್ನುಚೀಲದ ವಿದೇಶೀಯನನ್ನು ಸರಕಾರ ಎಣಿಸುತ್ತದೆ. ಅದೇ ಬಸ್ಸು ಹಿಂದಿರುಗುವಾಗ ಉತ್ತರ ಕರ್ನಾಟಕದ ತಾಂಡಾಗಳಿಂದ, ಹಟ್ಟಿಗಳಿಂದ, ಮಳೆ ಕೈಕೊಟ್ಟ ಹೊಲಗಳಿಂದ ಹೊರಟ ಸಂಸಾರಗಳನ್ನು ಗೋವೆಗೆ ಒಯ್ಯುತ್ತದೆ. ಅಲ್ಲಿನ ಪ್ರವಾಸಿ ಹೋಟೆಲುಗಳ ಗೋಡೆಯನ್ನು ಕಟ್ಟುವವರು ಅವರು, ರಸ್ತೆಗೆ ಜಲ್ಲಿ ಹಾಸುವವರು ಅವರು. ಮರಳಿನ ಮೇಲೆ ಮಣಿಸರ, ಕಸೂತಿ ಚೀಲ ಹೊತ್ತು ತಿರುಗುವ ಲಂಬಾಣಿ ಹೆಂಗಸರೂ ನಮ್ಮ ನಾಡಿನವರು. ಹಂಪಿಯ ಸಭೆಯಲ್ಲಿ ಗಾಜಿನ ಹಿಂದೆ ಗೌರವ ಪಡೆದ ಕಸೂತಿ ಅಲ್ಲಿ ಹತ್ತು ರೂಪಾಯಿಯ ಚೌಕಾಸಿಗೆ ಇಳಿಯುತ್ತದೆ. ‘ಘಾಟಿ’ ಎಂಬ ಹೀಯಾಳಿಕೆಯ ಪದವನ್ನು ಅವರ ಮಕ್ಕಳು ಬೇಗನೆ ಕಲಿಯುತ್ತಾರೆ. ಘಟ್ಟದ ಆಚೆಯಿಂದ ಬಂದವನು ಎಂದಷ್ಟೇ ಅದರ ಮೂಲಾರ್ಥ. ಕುದುರೆ ಹತ್ತಿದ ಘಟ್ಟವೇ ಅದು.

ಭಾಷೆಯಲ್ಲಿಯೂ ಈ ದಾರಿಯ ಗುರುತುಗಳಿವೆ. ಬಟಾಟೆ, ಅನಾನಸು, ಚಾವಿ, ಇಸ್ತ್ರಿ ಎಲ್ಲವೂ ಪೋರ್ಚುಗೀಸರಿಂದ ಬಂದ ಪದಗಳು. ನಮ್ಮನ್ನು ಊರಿನವರು ಕರೆಯುವ ‘ಪಾದ್ರಿ’ ಎಂಬ ಹೆಸರೂ ಹಾಗೆಯೇ ಬಂದದ್ದು. ಉತ್ತರ ಕರ್ನಾಟಕದ ದುಡಿಯುವವನು ವಾರದ ಕೊನೆಗೆ ಕೈಯೊಡ್ಡಿ ಪಡೆಯುವ ‘ಪಗಾರ’ವೂ ಪೋರ್ಚುಗೀಸ್ ಪದವೇ. ಐದು ಶತಮಾನಗಳ ಬಾಂಧವ್ಯವೆಂದು ಭಾಷಣ ಮಾಡುವವರು ಈ ಒಂದು ಪದವನ್ನಾದರೂ ನೆನೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಹಳೆ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರದ ದರ್ಶನ ನಡೆಯಿತು. ಕರ್ನಾಟಕದಿಂದಲೂ ಭಕ್ತರು ವಾಹನ ಮಾಡಿಕೊಂಡು ಹೋಗಿಬಂದರು. ಸರದಿಯಲ್ಲಿ ನಿಂತು, ನಮಸ್ಕರಿಸಿ, ಮೀನೂಟ ಮುಗಿಸಿ, ಕಡಲನ್ನು ಕಂಡು, ಗೋಡಂಬಿಯ ಪೊಟ್ಟಣಗಳೊಂದಿಗೆ ಮರಳುವುದು ಇಂತಹ ಯಾತ್ರೆಗಳ ರೂಢಿ. ಇದರಲ್ಲಿ ದೋಷವಿಲ್ಲ, ಯಾತ್ರೆಯಲ್ಲಿ ಸಂತೋಷವೂ ಸೇರಿರಬೇಕು. ಆದರೆ ವಾಸ್ಕೊದ ಝುವಾರಿನಗರದಂತಹ ಕಡೆಗಳಲ್ಲಿ ಕನ್ನಡಿಗ ಕೂಲಿಕಾರರು ಸಾವಿರಾರು ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಯಾತ್ರೆಯ ವಾಹನ ಅಲ್ಲಿಗೆ ಹೋಗಿ ಅರ್ಧ ಗಂಟೆ ನಿಂತಿತೇ? ರೋಗಿಗಳನ್ನೂ ಕೈದಿಗಳನ್ನೂ ಹುಡುಕಿಕೊಂಡು ಹೋದ ಸಂತರ ಹೆಸರಿನಲ್ಲಿ ಹೊರಟ ಪ್ರಯಾಣವಿದು ಎಂಬುದರಿಂದಲೇ ಈ ಪ್ರಶ್ನೆಯನ್ನು ಕೇಳುತ್ತಿದ್ದೇವೆ.

ಸರಕಾರವು ಮಾಡಬೇಕಾದುದು ಬಹಳವಿದೆ. ಹಂಪಿಯ ಪ್ರವಾಸಿಗರಲ್ಲಿ ಒಂದು ಪಾಲಾದರೂ ಉಜ್ಜಿನಿಗೆ, ಕೊಟ್ಟೂರಿಗೆ ತಲುಪುವಂತೆ ಬಸ್ಸಿನ ಸೌಕರ್ಯ, ಕನ್ನಡ ಬಲ್ಲ ಮಾರ್ಗದರ್ಶಕರ ತರಬೇತಿ ಆಗಬೇಕು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಹಂಪಿಯೊಂದೇ ಮುಖವಾಗಬಾರದು. ಪಾಯಿಸ್, ನೂನಿಜರ ಬರಹಗಳು ಜಿಲ್ಲೆಯ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಸುಲಭವಾದ ಕನ್ನಡದಲ್ಲಿ ದೊರೆಯುವಂತಾಗಬೇಕು. ಇವನ್ನು ಇಲ್ಲಿ ವಿಸ್ತರಿಸಲು ಹೋಗುವುದಿಲ್ಲ.

ಸರಕಾರಕ್ಕೆ ಕಾಯದೆ ನಾವೇ ಮಾಡಬಹುದಾದ ಒಂದು ಕಾರ್ಯವಿದೆ. ನಮ್ಮ ಸೀಮೆಯಲ್ಲಿ ಕಥೋಲಿಕ ಕುಟುಂಬಗಳು ಕೆಲವೇ; ಆದರೆ ಗೋವೆಯಲ್ಲಿ ಊರೂರಿಗೂ ಧರ್ಮಕೇಂದ್ರವಿದೆ. ದುಡಿಮೆಗೆ ಹೊರಟ ಕುಟುಂಬದ ಕೈಗೆ, ಅದು ಯಾವ ಜಾತಿಧರ್ಮದ್ದೇ ಆಗಿರಲಿ, ನಮ್ಮ ಧರ್ಮಕೇಂದ್ರದಿಂದ ಅಲ್ಲಿನ ಧರ್ಮಕೇಂದ್ರದ ಗುರುಗಳಿಗೆ ಒಂದು ಪರಿಚಯಪತ್ರವನ್ನು ಕೊಟ್ಟು ಕಳುಹಿಸುವ ಏರ್ಪಾಡನ್ನು ಬರುವ ತಿಂಗಳಿಂದ ಆರಂಭಿಸಲಿದ್ದೇವೆ. 1510ರಲ್ಲಿ ಲೂಯಿಸ್ ಸನ್ಯಾಸಿ ಅಧಿಪತಿಯ ಪತ್ರವನ್ನು ಹಿಡಿದು ಈ ಕಡೆಗೆ ಬಂದರು; ಈ ಪತ್ರ ಆ ಕಡೆಗೆ ಹೋಗುತ್ತದೆ. ಅದರಲ್ಲಿ ಕುಟುಂಬದ ಯಜಮಾನನ ಮತ್ತು ಗೃಹಿಣಿಯ ಹೆಸರು, ಊರು, ತಾಲ್ಲೂಕು, ಕರೆದೊಯ್ಯುತ್ತಿರುವ ಮೇಸ್ತ್ರಿಯ ಹೆಸರು, ಒಪ್ಪಿಕೊಂಡ ಪಗಾರ, ಮಕ್ಕಳು ಓದುತ್ತಿದ್ದ ತರಗತಿ, ಕಾಯಿಲೆಯವರಿದ್ದರೆ ಅದರ ವಿವರ, ಇಷ್ಟಿದ್ದರೆ ಸಾಕು. ಕನ್ನಡದಲ್ಲಿ ಒಂದು ಪ್ರತಿ, ಇಂಗ್ಲಿಷಿನಲ್ಲಿ ಒಂದು ಪ್ರತಿ. ಬರೆದುಕೊಡಲು ಕಾಲೇಜು ಓದುತ್ತಿರುವ ಇಬ್ಬರು ಮೂವರು ಯುವಕ ಯುವತಿಯರು ಬೇಕಾಗಿದ್ದಾರೆ. ಭಾನುವಾರ ಪೂಜೆಯ ನಂತರ ಒಂದು ಗಂಟೆಯ ಬಿಡುವಿದ್ದವರು ಬಂದು ನಮ್ಮನ್ನು ಕಾಣಬಹುದು.